ನಂಬಿಸಿದ್ದೇ ತಪ್ಪಾಯ್ತಾ?

2006ರ ಜೂನ್. ಯೂಟ್ಯೂಬಿನಲ್ಲಿ ಮೊದಲ ವಿಡಿಯೊ ಬಂದು ವರ್ಷ ದಾಟಿತ್ತಷ್ಟೇ. ‘ಲೋನ್ಲಿಗರ್ಲ್15’ ಹೆಸರಲ್ಲಿ ಬ್ರೀ ಅನ್ನೋ 16ರ ಹುಡುಗಿ, ತನ್ನ ಕೋಣೆಯಲ್ಲಿ ಕೂತು ವೆಬ್‌ಕ್ಯಾಮ್ ಮುಂದೆ ಮನೆಯ ಕಷ್ಟಸುಖ ಹೇಳಿಕೊಳ್ಳತೊಡಗಿದಳು. ಲಕ್ಷಾಂತರ ಜನ ನೋಡಿದರು. ಕೆಲವರಿಗೆ ಮಾತ್ರ ಅನುಮಾನ: ಇದೇನು, ತೀರಾ ನೀಟಾಗಿದೆಯಲ್ಲ?

ಸೆಪ್ಟೆಂಬರಲ್ಲಿ ಗುಟ್ಟು ರಟ್ಟಾಯ್ತು. ಬ್ರೀ ಅನ್ನೋಳೇ ಇರಲಿಲ್ಲ. ಅದು ಬರೆದ ಕಥೆ. ಪಾತ್ರ ಮಾಡಿದ್ದು 19ರ ಹೊಸ ನಟಿ ಜೆಸ್ಸಿಕಾ ರೋಸ್. ‘ಮೋಸ’ ಅಂತ ಹಲವರು ಸಿಟ್ಟಾದರು. ಗುಟ್ಟು ಕಟ್ಟಿದ್ದು ಮೈಲ್ಸ್ ಬೆಕೆಟ್, ಮೆಶ್ ಫ್ಲಿಂಡರ್ಸ್ ತಂಡ; ಎಲ್ಲರಿಗೂ ಕಾಣುತ್ತಿದ್ದ ಮುಖ ಮಾತ್ರ ಅವಳದ್ದು. ಮೂರು ತಿಂಗಳು ನಂಬಿಸೋದು ನಟಿಗೆ ಮೆಚ್ಚುಗೆ ತರಬೇಕಿತ್ತು, ಅದೇ ಅಪರಾಧವಾಯ್ತು. ಸಿನಿಮಾ ನಟಿಯನ್ನು ನಾವು ಸುಳ್ಳುಗಾತಿ ಅನ್ನಲ್ಲ. ಆದರೆ ಮಲಗೋ ಕೋಣೆಯೇ ರಂಗವಾದಾಗ ಪಾತ್ರ ಯಾವುದು, ಮನುಷ್ಯ ಯಾರು ಅನ್ನೋದು ನಮಗೇ ಮರೆತುಹೋಗುತ್ತೆ.

ನಾನೂ ಮರೆತಿದ್ದೆ. ಹೊಸಬರ ವೆಬ್ ಸರಣಿಯೊಂದನ್ನು ನೋಡಿ, ಪಾತ್ರದ ಮೇಲಿನ ಸಿಟ್ಟನ್ನು ಆ ಹುಡುಗಿಯ ದನಿಯ ಮೇಲೆ ತೀರಿಸಿಕೊಂಡು ಒಂದು ಸಾಲು ಟೈಪಿಸಿದ್ದೆ. ನಾಟಕದ ಮುಂದಿನ ಸಾಲಲ್ಲಿ ಕೂತು ಹಾಗನ್ನೋ ಧೈರ್ಯ ನನಗಿಲ್ಲ. ಮಾರನೇ ದಿನ ಅಳಿಸಿದೆ. ಅಷ್ಟರಲ್ಲಿ ಅವಳು ಓದಿದ್ದಳೋ ಏನೋ.