ಲ್ಯಾಪ್‌ಟಾಪ್ ಫ್ಯಾನ್ ನಿಲ್ಲುತ್ತಲೇ ಇಲ್ಲವೆ? ಮೊದಲು ಹೊರಬರುವ ಗಾಳಿಯನ್ನು ಪರೀಕ್ಷಿಸಿ

ಲ್ಯಾಪ್‌ಟಾಪ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಫ್ಯಾನ್ ಭೋರ್ಗರೆಯತೊಡಗಿ, ಯಂತ್ರವನ್ನು ಬಂದ್ ಮಾಡುವವರೆಗೂ ನಿಲ್ಲದಿದ್ದರೆ ಬಹುತೇಕರು ದೂಷಿಸುವುದು ಫ್ಯಾನನ್ನೇ. ಹಲವು ಬಾರಿ ಈ ದೂಷಣೆಯಲ್ಲಿ ಹುರುಳಿರುವುದಿಲ್ಲ. ಫ್ಯಾನ್ ತನ್ನ ಕೆಲಸವನ್ನು ಮಾಡುತ್ತಿದೆ. ಅದಕ್ಕೆ ಅಷ್ಟು ಕೆಲಸ ಕೊಡುತ್ತಿರುವವರು ಯಾರೆಂಬುದನ್ನು ಪತ್ತೆ ಹಚ್ಚಬೇಕಾಗಿದೆ. ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ ಈ ಪತ್ತೆ ಕಾರ್ಯಕ್ಕೆ ಹೆಚ್ಚಿನ ಮಹತ್ವವಿದೆ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಬೇಕೆಂದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಕಾಲೇಜು ವಿದ್ಯಾರ್ಥಿಗೆ, ಗ್ರಾಮ ಒನ್ ಕೇಂದ್ರ ನಡೆಸುವವರಿಗೆ, ಡಿಟಿಪಿ ಅಂಗಡಿಯವರಿಗೆ ಅಷ್ಟು ದಿನ ಯಂತ್ರವಿಲ್ಲದೆ ಇರುವುದು ಸಣ್ಣ ನಷ್ಟವಲ್ಲ.

ಪ್ರೊಸೆಸರ್ ಬಿಸಿಯಾದಂತೆ ಅದರೊಳಗಿನ ಉಷ್ಣಸಂವೇದಕ ಆ ಮಾಹಿತಿಯನ್ನು ಮದರ್‌ಬೋರ್ಡಿನ ಮೇಲಿನ ಒಂದು ಚಿಕ್ಕ ನಿಯಂತ್ರಕ ಚಿಪ್‌ಗೆ ರವಾನಿಸುತ್ತದೆ. ಆ ಚಿಪ್ ಫ್ಯಾನಿನ ವೇಗವನ್ನು ನಿರ್ಧರಿಸುತ್ತದೆ. ಶಾಖವು ತಾಮ್ರದ ಕೊಳವೆಯ ಮೂಲಕ ಹರಿದು ತೆಳು ಲೋಹದ ಹಾಳೆಗಳ ಸಾಲನ್ನು ತಲುಪುತ್ತದೆ. ಫ್ಯಾನ್ ಆ ಹಾಳೆಗಳ ನಡುವೆ ಗಾಳಿಯನ್ನು ತಳ್ಳಿ ಶಾಖವನ್ನು ಹೊರಹಾಕುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರವಾದಾಗ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಯಂತ್ರ ಏಕಾಏಕಿ ಬಂದ್ ಆಗುತ್ತದೆ.

ಈ ವ್ಯವಸ್ಥೆ ಸುತ್ತಲಿನ ಹವೆಯನ್ನೇ ಅವಲಂಬಿಸಿದೆ. ಕೋಣೆಯ ಉಷ್ಣತೆ 24ರಿಂದ 36 ಡಿಗ್ರಿಗೆ ಏರಿದರೆ ಯಂತ್ರದೊಳಗಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ಸದ್ದಿಲ್ಲದೆ ನಡೆದ ಲ್ಯಾಪ್‌ಟಾಪ್ ಏಪ್ರಿಲ್ ಮಧ್ಯಾಹ್ನ ಕಡೂರಿನ ಶೀಟು ಹೊದಿಸಿದ ಕೋಣೆಯಲ್ಲಿ ಭೋರ್ಗರೆದರೆ ಅದು ಕೆಟ್ಟಿದೆಯೆಂದು ಅರ್ಥವಲ್ಲ. ಬೆಳಗಿನ ಜಾವದ ತಂಪಿನಲ್ಲಿಯೂ ಅದೇ ಸದ್ದು ಮುಂದುವರಿದರೆ ಮಾತ್ರ ಮುಂದಿನ ಪರೀಕ್ಷೆಗೆ ಇಳಿಯಬೇಕು.

ಗಾಳಿ ಹೇಳುವ ಸಂಗತಿ

ಗಾಳಿ ಹೊರಬರುವ ಕಿಂಡಿಯ ಬಳಿ ಅಂಗೈ ಹಿಡಿಯಿರಿ. ಗಾಳಿ ರಭಸವಾಗಿಯೂ ಬಿಸಿಯಾಗಿಯೂ ಬರುತ್ತಿದ್ದರೆ ಶಾಖ ಸರಿಯಾಗಿ ಹೊರಹೋಗುತ್ತಿದೆ. ಒಳಗೆ ಪ್ರೊಸೆಸರ್ ದುಡಿಯುತ್ತಿದೆ ಎಂದರ್ಥ. ದೋಷ ತಂತ್ರಾಂಶದಲ್ಲಿರಬಹುದು. ಯಂತ್ರದ ಮೈ ಸುಡುತ್ತಿದ್ದು ಗಾಳಿ ಮಾತ್ರ ಕ್ಷೀಣವಾಗಿದ್ದರೆ ದಾರಿ ಕಟ್ಟಿಕೊಂಡಿದೆ. ಮೈಯೂ ತಣ್ಣಗಿದ್ದು, ಗಾಳಿಯೂ ತಣ್ಣಗಿದ್ದು, ಫ್ಯಾನ್ ಮಾತ್ರ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೆ ನಿಯಂತ್ರಣ ತಪ್ಪಿದೆ. ಸ್ಕ್ರೂ ಡ್ರೈವರ್ ಎತ್ತಿಕೊಳ್ಳುವ ಮುನ್ನ ಇಷ್ಟು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಬಿಸಿಗಾಳಿಯ ಪ್ರಕರಣದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಎಂಬ ಅಂಕಣದ ಮೇಲೆ ಕ್ಲಿಕ್ಕಿಸಿದರೆ ಹೆಚ್ಚು ದುಡಿಸುತ್ತಿರುವ ತಂತ್ರಾಂಶ ಮೇಲೆ ಬರುತ್ತದೆ. ಏನೂ ಮಾಡದೆ ಸುಮ್ಮನಿರುವ ಯಂತ್ರದಲ್ಲಿ ಒಟ್ಟು ಬಳಕೆ ಶೇ. 10ರೊಳಗೆ ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಮೊದಲ ಸಂಶಯ ಬ್ರೌಸರ್ ಮೇಲೆ; ನಂತರದ್ದು ಒಂದೇ ಯಂತ್ರದಲ್ಲಿ ಜಗಳವಾಡುತ್ತಿರುವ ಎರಡು ಆಂಟಿವೈರಸ್‌ಗಳ ಮೇಲೆ. ವಾರಗಟ್ಟಲೆ ಇಂಟರ್‌ನೆಟ್ ಕಾಣದ ಯಂತ್ರಕ್ಕೆ ಸಂಪರ್ಕ ದೊರೆತಾಗ ವಿಂಡೋಸ್ ತನ್ನ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಒಮ್ಮೆಗೇ ಎಳೆದುಕೊಳ್ಳುತ್ತದೆ. ಆಗ ಗಂಟೆ ಎರಡು ಗಂಟೆ ಫ್ಯಾನ್ ಸದ್ದು ಮಾಡುವುದು ಸಹಜ, ತಡೆಯದೆ ಮುಗಿಯಗೊಡಬೇಕು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡ ಕಾರಣ ಹಲವರು ವಿಂಡೋಸ್ 11ಕ್ಕೆ ಬದಲಾಯಿಸಿಕೊಂಡಿದ್ದಾರೆ. ಬದಲಾವಣೆಯ ನಂತರದ ಒಂದೆರಡು ದಿನ ಯಂತ್ರ ಎಲ್ಲ ಕಡತಗಳ ಸೂಚಿ ಸಿದ್ಧಪಡಿಸುವುದರಿಂದಲೂ ಇಂಥದೇ ಸದ್ದು ಕೇಳಬಹುದು.

ಒಂದು ಲಕ್ಷಣವನ್ನು ಮಾತ್ರ ಹಗುರವಾಗಿ ಕಾಣಬಾರದು. ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಫ್ಯಾನ್ ಶಾಂತವಾಗಿ, ಮುಚ್ಚಿದ ಮೇಲೆ ಮತ್ತೆ ಭೋರ್ಗರೆದರೆ ಬಿಟ್‌ಕಾಯಿನ್‌ನಂತಹ ಡಿಜಿಟಲ್ ನಾಣ್ಯಗಳನ್ನು ಕದ್ದುಮುಚ್ಚಿ ಗಣಿಸುವ ಕುತಂತ್ರಾಂಶ ಒಳಗೆ ಸೇರಿರುವ ಸಾಧ್ಯತೆಯಿದೆ. ಕೆಲವು ಇಂತಹ ಕುತಂತ್ರಾಂಶಗಳು ತಮ್ಮನ್ನು ಗಮನಿಸಲಾಗುತ್ತಿದೆಯೆಂದು ತಿಳಿದರೆ ಸುಮ್ಮನಾಗುತ್ತವೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುವ ಕಳ್ಳ ಪ್ರತಿಯ ಪುಟವಿನ್ಯಾಸ ತಂತ್ರಾಂಶಗಳ ಜೊತೆಗೆ ಇವು ಬರುವುದುಂಟು. ಡಿಟಿಪಿ ಅಂಗಡಿಗಳವರು ಇದನ್ನು ನೆನಪಿಡುವುದು ಒಳ್ಳೆಯದು.

ಧೂಳಿನ ಮೂಲ

ದಾರಿ ಕಟ್ಟುವ ವಸ್ತು ಧೂಳು. ಕಡೂರು ಭಾಗದಲ್ಲಿ ತೆಂಗಿನ ನಾರಿನ ಪುಡಿ, ಅಜ್ಜಂಪುರದ ಈರುಳ್ಳಿ ಮಂಡಿಗಳಲ್ಲಿ ಹಾರುವ ಒಣ ಸಿಪ್ಪೆ, ತರೀಕೆರೆ ಸುತ್ತ ಅಡಿಕೆ ಒಣಗಿಸುವ ಕಣದ ಪುಡಿ, ಎಲ್ಲ ಕಡೆಯೂ ಬೇಸಗೆಯ ರಸ್ತೆಯ ಕೆಂಧೂಳು. ಇವೆಲ್ಲ ಬಟ್ಟೆಯ ಜುಂಗಿನೊಡನೆ ಸೇರಿ ಲೋಹದ ಹಾಳೆಗಳ ಎದುರು ಕಂಬಳಿಯಂತೆ ಹರಡಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಕಿಂಡಿ ಸ್ವಚ್ಛವಾಗಿಯೇ ಇರುತ್ತದೆ. ಕಂಬಳಿ ಇರುವುದು ಫ್ಯಾನ್ ಮತ್ತು ಹಾಳೆಗಳ ನಡುವೆ. ಆದ್ದರಿಂದ ಹೊರಗಿನಿಂದ ಊದಿದರೆ ಅದು ಅಲುಗಬಹುದೇ ಹೊರತು ಹೊರಬರುವುದು ಕಷ್ಟ.

ಸೈಕಲ್ ಅಂಗಡಿಯ ಅಥವಾ ಪಂಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಹೊಡೆಸುವ ರೂಢಿ ಕೆಲವೆಡೆ ಇದೆ. ಅದು ಬೇಡ. ಆ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯ ಅಂಶವೂ ಇರುತ್ತದೆ, ರಭಸಕ್ಕೆ ಫ್ಯಾನ್ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಸಂಪರ್ಕ ಕಳಚಿ, ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಅಲುಗದಂತೆ ಹಿಡಿದು, ಮೃದು ಬ್ರಷ್ ಮತ್ತು ಕೈಯಿಂದ ಒತ್ತುವ ರಬ್ಬರ್ ಬುಡ್ಡಿಯಿಂದ ಶುಚಿಗೊಳಿಸುವುದು ಸರಿಯಾದ ವಿಧಾನ. ವಾರಂಟಿ ಇನ್ನೂ ಇದ್ದರೆ ಮುಚ್ಚಳ ತೆಗೆಯುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಬೇಕು. ನಾಲ್ಕೈದು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರ್ ಮತ್ತು ತಾಮ್ರದ ನಡುವಿನ ಉಷ್ಣವಾಹಕ ಪೇಸ್ಟ್ ಒಣಗಿರುವ ಸಂಭವವಿದೆ. ದುರಸ್ತಿಗಾರರ ಬಳಿ ಅದನ್ನೂ ಬದಲಾಯಿಸುವಂತೆ ಕೇಳಿ; ಹಳೆಯದನ್ನು ಒರೆಸದೆ ಅದರ ಮೇಲೆಯೇ ಹೊಸತನ್ನು ಹಚ್ಚುವವರೂ ಇದ್ದಾರೆ, ಆದ್ದರಿಂದ ಎದುರಿಗೆ ನಿಂತು ನೋಡಿದರೆ ತಪ್ಪಿಲ್ಲ.

ಅಂದಹಾಗೆ, ವೋಲ್ಟೇಜ್ ಏರಿಳಿತದಿಂದ ಫ್ಯಾನ್ ಹೀಗಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಸಾಮಾನ್ಯ ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ಯಾವುದನ್ನು ಕೊಟ್ಟರೂ ಒಂದೇ ಬಗೆಯ ನೇರ ವಿದ್ಯುತ್ತನ್ನು ಹೊರಡಿಸುತ್ತದೆ. ಮನೆಯ ಬಲ್ಬು ಮಂಕಾದರೂ ಫ್ಯಾನಿನ ವೇಗಕ್ಕೆ ಅದರಿಂದ ವ್ಯತ್ಯಾಸವಾಗದು.

ತಣ್ಣನೆಯ ಯಂತ್ರದ ಅಬ್ಬರಕ್ಕೆ ಮದ್ದು ಸರಳವಿರಬಹುದು. ಯಂತ್ರವನ್ನು ಪೂರ್ಣವಾಗಿ ಬಂದ್ ಮಾಡಿ, ಚಾರ್ಜರ್ ತೆಗೆದು, ಕಳಚಲು ಬರುವ ಬ್ಯಾಟರಿಯಾದರೆ ಅದನ್ನೂ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ನಿಯಂತ್ರಕ ಚಿಪ್‌ನ ಗೊಂದಲ ಹಲವು ಬಾರಿ ಇಷ್ಟಕ್ಕೇ ಪರಿಹಾರವಾಗುತ್ತದೆ. ಎಚ್‌ಪಿ ಕಂಪನಿಯ ಕೆಲವು ಮಾದರಿಗಳ ಬಯೋಸ್‌ನಲ್ಲಿ ಚಾರ್ಜರ್ ಹಾಕಿರುವಾಗ ಫ್ಯಾನ್ ಸದಾ ತಿರುಗುತ್ತಿರಲಿ ಎಂಬ ಆಯ್ಕೆಯೇ ಇದೆ. ಅದನ್ನು ಆಫ್ ಮಾಡಿದರೆ ಸಾಕು. ಬಯೋಸ್‌ಗೆ ಹೊಸ ಆವೃತ್ತಿ ಹಾಕುವುದೂ ಒಂದು ದಾರಿ. ಆದರೆ ನಡುವೆ ಕರೆಂಟು ಹೋದರೆ ಮದರ್‌ಬೋರ್ಡ್ ನಿರುಪಯುಕ್ತವಾಗುವ ಅಪಾಯವಿದೆ. ಬ್ಯಾಟರಿ ಸತ್ತಿರುವ ಯಂತ್ರದಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಫ್ಯಾನ್ ವೇಗವನ್ನು ಬಲವಂತವಾಗಿ ತಗ್ಗಿಸುವ ತಂತ್ರಾಂಶಗಳೂ ದೊರೆಯುತ್ತವೆ. ಕಾರಣ ತಿಳಿಯದೆ ಅವನ್ನು ಬಳಸುವುದು ಜ್ವರ ಬಂದಾಗ ಥರ್ಮಾಮೀಟರ್ ಒಡೆದುಹಾಕಿದಂತೆ. ಸದ್ದೇ ಸಹಿಸಲಾಗದಿದ್ದರೆ ಪವರ್ ಆಪ್ಶನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇ. 99ಕ್ಕೆ ಇಳಿಸಬಹುದು. ಪ್ರೊಸೆಸರ್ ತನ್ನ ಮೂಲ ವೇಗವನ್ನು ಮೀರಿ ಓಡುವುದನ್ನು ಇದು ತಡೆಯುತ್ತದೆ. ಬರಹ, ಲೆಕ್ಕಪತ್ರ, ಅರ್ಜಿ ತುಂಬುವಿಕೆಯಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದು. ಇತ್ತೀಚಿನ ಕೆಲವು ಯಂತ್ರಗಳಲ್ಲಿ ಈ ಆಯ್ಕೆ ಕಾಣಸಿಗುವುದಿಲ್ಲ.

ಸದ್ದಿನ ಬಗೆಯನ್ನೂ ಗಮನಿಸಿ. ಒಂದೇ ಸಮನೆ ಭೋರೆನ್ನುವುದು ಗಾಳಿಯ ಸದ್ದು. ಕರಕರ, ಟಿಕ್‌ಟಿಕ್ ಎನ್ನುವುದು ಸವೆದ ಬೇರಿಂಗ್‌ನದು. ಎರಡನೆಯದಕ್ಕೆ ಫ್ಯಾನ್ ಬದಲಾಯಿಸುವುದೊಂದೇ ಉಪಾಯ, ಅದರ ಬೆಲೆ ಮದರ್‌ಬೋರ್ಡಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ತಿಂಗಳುಗಟ್ಟಲೆ ಕರಕರಗುಟ್ಟಿದ ಫ್ಯಾನ್ ಒಂದು ದಿನ ತಾನಾಗಿಯೇ ಮೌನವಾಗಿ, ಯಂತ್ರದ ಮೈ ಸುಡತೊಡಗಿದರೆ, ಅಥವಾ ಚಾಲೂ ಮಾಡುವಾಗ ಪರದೆಯ ಮೇಲೆ ಫ್ಯಾನ್ ದೋಷದ ಸೂಚನೆ ಬಂದರೆ, ಅಗತ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಕೂಡಲೇ ಬಂದ್ ಮಾಡಿ. ಹೊಸ ಫ್ಯಾನ್ ಬರುವವರೆಗೆ ಅದನ್ನು ಮತ್ತೆ ಚಾಲೂ ಮಾಡಬಾರದು.