ಏಳು ಮನೆ, ಏಳು ಖಾತೆ

ಇಂಗ್ಲೆಂಡಿನಲ್ಲಿ ಡಿಗ್ರಿ ಓದುವ ಅಲ್ಲಿನ ಹುಡುಗರಿಗೆ ಬ್ಯಾಂಕುಗಳು ಕರೆದು ಕರೆದು ಖಾತೆ ತೆರೆದು ಕೊಡುತ್ತವೆ. ಖಾತೆಯಲ್ಲಿ ಬಿಡಿಗಾಸು ಇಲ್ಲದಿದ್ದರೂ ಒಂದು ಮಿತಿಯವರೆಗೆ ದುಡ್ಡು ತೆಗೆಯಬಹುದು, ಬಡ್ಡಿ ಸೊನ್ನೆ! ಓವರ್‌ಡ್ರಾಫ್ಟ್ ಅಂತಾರಲ್ಲ, ನಮ್ಮ ಪೇಟೆಯವರ ಬಾಯಲ್ಲಿ ‘ಓಡಿ’, ಅದು. ಒಬ್ಬರಿಗೆ ಒಂದೇ ಖಾತೆ ಅಂತ ಷರತ್ತು ಹಾಕಿದರೂ ಎರಡು ಮೂರು ಬ್ಯಾಂಕುಗಳಲ್ಲಿ ಖಾತೆ ತೆರೆದು, ಅಲ್ಲಿ ತೆಗೆದ ದುಡ್ಡನ್ನು ಬಡ್ಡಿ ಬರುವ ಕಡೆ ಇಟ್ಟು ನಾಲ್ಕು ಕಾಸು ಮಾಡಿಕೊಳ್ಳುವ ಚಾಲಾಕಿಗಳೂ ಇದ್ದಾರಂತೆ.

ಇದನ್ನು ಕೇಳಿ ನನಗೆ ನಗು ಬಂತು. ನಮ್ಮ ಕುಮಟೆ, ಹೊನ್ನಾವರ, ಭಟ್ಕಳದ ಕಡೆ ಬ್ಯಾಂಕು ಬರುವ ಮೊದಲೇ ಓದುವ ಹುಡುಗರು ಏಳೇಳು ಖಾತೆ ಇಟ್ಟಿದ್ದರಲ್ಲ ಮಾರಾಯ್ರೆ!

ಅದಕ್ಕೆ ವಾರಾನ್ನ ಅಂತ ಹೆಸರು. ಹಳ್ಳಿಯಿಂದ ಪೇಟೆ ಶಾಲೆಗೆ ಬಂದ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ ಹಿಡಿದು ಊಟ ಮಾಡುತ್ತಿದ್ದ. ಒಂದು ಮನೆಯಲ್ಲಿ ಸೂತಕ ಬಂದರೆ ಆ ದಿನ ಖಾತೆ ಬಂದ್, ತಣ್ಣೀರೇ ಗತಿ. ಲೆಕ್ಕ ಬರೆದವರಿಲ್ಲ, ಬಡ್ಡಿ ಕೇಳಿದವರಿಲ್ಲ. ಆ ಹುಡುಗ ಮುಂದೆ ನೌಕರಿ ಹಿಡಿದು ಮನೆ ಮಾಡಿದ ಮೇಲೆ ಮತ್ತೊಬ್ಬ ಹುಡುಗನಿಗೆ ಒಂದು ವಾರ ಕೊಟ್ಟರೆ ಸಾಲ ತೀರಿದಂತೆ.

ಕೇಳಲಿಕ್ಕೆ ಚಂದ. ನಮ್ಮ ಹಿರಿಯರು ಇದನ್ನು ಹೇಳುವಾಗ ಕಣ್ಣು ಒದ್ದೆ ಮಾಡಿಕೊಳ್ಳುವುದನ್ನೂ ನೋಡಿದ್ದೇನೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಈ ಖಾತೆ ಯಾರಿಗೆ ಸಿಗುತ್ತಿತ್ತು? ಬಹುಮಟ್ಟಿಗೆ ಬ್ರಾಹ್ಮಣರ ಮನೆಯಲ್ಲಿ ಬ್ರಾಹ್ಮಣ ಮಾಣಿಗೆ ಮಾತ್ರ. ಪಂಕ್ತಿಯಲ್ಲಿ ಕೂರಲಿಕ್ಕೆ ಜಾತಿಯೇ ಪಾಸ್ ಬುಕ್ಕು. ಅದೇ ಊರಿನ ಹಾಲಕ್ಕಿ ಒಕ್ಕಲಿಗರ ಹುಡುಗ, ನಾಮಧಾರಿಗಳ ಹುಡುಗ, ಮೊಗೇರರ ಹುಡುಗ ಎಷ್ಟೇ ಜಾಣನಾದರೂ ಏಳರಲ್ಲಿ ಒಂದು ಬಾಗಿಲೂ ಅವನಿಗೆ ತೆರೆಯುತ್ತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬಿಡಿ.

ಇನ್ನು ಹಣದ ಲೆಕ್ಕಕ್ಕೆ ಬರೋಣ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರ ಏಕೀಕರಣದವರೆಗೂ ಮುಂಬಯಿ ಕಡೆಗೇ ಇತ್ತು. ಹಾಗಾಗಿ ನೌಕರಿ, ಓದು ಎಲ್ಲಕ್ಕೂ ನಮ್ಮವರು ಹಡಗು ಹತ್ತಿ ಮುಂಬಯಿಗೆ ಹೊರಟರು. ಅಲ್ಲಿ 1906ರಲ್ಲಿ ಶಾಮರಾವ್ ವಿಠ್ಠಲ ಕೋ-ಆಪರೇಟಿವ್ ಬ್ಯಾಂಕ್ ಶುರುವಾಯಿತು. ಹೆಸರಿನ ಶಾಮರಾವ್ ವಿಠ್ಠಲ ಅಂದರೆ ಶಾಮರಾವ್ ವಿಠ್ಠಲ ಕಾಯ್ಕಿಣಿ. ಕಾಯ್ಕಿಣಿ ನಮ್ಮ ಭಟ್ಕಳ ತಾಲೂಕಿನ ಊರು. ತಮ್ಮ ಚಿತ್ರಾಪುರ ಸಾರಸ್ವತ ಸಮಾಜದ ಬಡವರು ಸಾಲಗಾರರ ಕೈಗೆ ಸಿಗದಿರಲಿ ಅಂತ ಎಸ್. ಎಸ್. ತಲ್ಮಕಿಯವರು ಕಟ್ಟಿದ ಸಂಸ್ಥೆ ಅದು. 1917ರಲ್ಲಿ ಉತ್ತರ ಕನ್ನಡದ ಗೌಡ ಸಾರಸ್ವತರೂ ಮುಂಬಯಿಯಲ್ಲಿ ತಮ್ಮ ಸಹಕಾರಿ ಬ್ಯಾಂಕು ಮಾಡಿಕೊಂಡರು. ಇತ್ತ ಭಟ್ಕಳದಲ್ಲಿ 1919ರಲ್ಲಿ ನವಾಯತರ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿ ಶಾಲೆ ಕಾಲೇಜುಗಳ ಕೆಲಸಕ್ಕೆ ಇಳಿಯಿತು. 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಬಡ್ಡಿ ನಿಷಿದ್ಧವಾದ ಅವರಲ್ಲಿ ಬಡ್ಡಿಯಿಲ್ಲದ ಸಾಲಕ್ಕೆ ‘ಕರ್ಜೆ ಹಸನ’ ಅಂತ ಧರ್ಮದ ಹೆಸರೇ ಇದೆ.

ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಗಮನಿಸಿ, ಪ್ರತಿಯೊಬ್ಬರೂ ಮೊದಲು ನೆರವಾದದ್ದು ತಮ್ಮವರಿಗೆ. ವ್ಯಾಪಾರವೋ ತೋಟವೋ ಮುಂಬಯಿಯ ನೌಕರಿಯೋ ಇದ್ದ ಸಮಾಜಕ್ಕೆ ನಿಧಿ ಕಟ್ಟುವ ಶಕ್ತಿ ಇತ್ತು. ಗೇಣಿ ಕೊಟ್ಟು ಉಳಿದದ್ದರಲ್ಲಿ ಗಂಜಿ ಕುಡಿಯುವವರು ಯಾವ ನಿಧಿ ಕಟ್ಟಬೇಕು? ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿ ರೈತರ ಮಕ್ಕಳಿಗೆ ಶಾಲೆ ತೆರೆದದ್ದು ಯಾಕೆ ದೊಡ್ಡದು ಅಂತ ಇಲ್ಲಿ ಅರ್ಥವಾಗುತ್ತದೆ.

ಮೂರನೆಯ ಖಾತೆ ಉದ್ರಿ. 1964ರಲ್ಲಿ ಹೊನ್ನಾವರದಲ್ಲಿ ಎಸ್.ಡಿ.ಎಂ. ಕಾಲೇಜು ಶುರುವಾಯಿತು, ಕುಮಟೆಯಲ್ಲಿ ಬಾಳಿಗಾ ಕಾಲೇಜು ಇತ್ತು. ರೂಮು ಮಾಡಿಕೊಂಡ ಹುಡುಗರಿಗೆ ಹೋಟೆಲಿನಲ್ಲಿ ಒಂದು ಉದ್ರಿ ಪುಸ್ತಕ, ಕಿರಾಣಿ ಅಂಗಡಿಯಲ್ಲಿ ಇನ್ನೊಂದು. ಗಲ್ಲೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು, ಕೆಳಗೆ ಕೂತ ಮಾಲಕರು ಉದ್ರಿ ಬರೆಯುತ್ತಿರುತ್ತಾರೆ! ಒಂದು ಕಡೆ ಬಾಕಿ ಜಾಸ್ತಿಯಾದರೆ ಆ ರಸ್ತೆ ಬಿಟ್ಟು ಮತ್ತೊಂದು ಹೋಟೆಲು. ಇದಕ್ಕೂ ಜಾಮೀನು ಬೇಕಿತ್ತು: ‘ನೀ ಯಾರ ಮಗ?’ ಅಪ್ಪನ ಹೆಸರು ಅಂಗಡಿಯವರಿಗೆ ಗೊತ್ತಿದ್ದರೆ ಪುಸ್ತಕ ತೆರೆಯಿತು.

ಹಾಗಾದರೆ ಬ್ಯಾಂಕುಗಳು ಏನು ಮಾಡುತ್ತಿದ್ದವು? ನಮ್ಮ ಕರಾವಳಿ ಬ್ಯಾಂಕುಗಳ ತವರು ಅಂತ ಬೀಗುತ್ತೇವೆ. 1906ರಲ್ಲೇ ಮಂಗಳೂರಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಶನ್, 1925ರಲ್ಲಿ ಸಿಂಡಿಕೇಟ್. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯ ಪಿಗ್ಮಿ ತಂದರು, ಬಡವರ ಬಾಗಿಲಿಗೆ ಬಂದು ದುಡ್ಡು ಸಂಗ್ರಹಿಸಿದರು. ಇಡಲಿಕ್ಕೆ ಖಾತೆ ಸುಲಭ, ತೆಗೆಯಲಿಕ್ಕೆ ಕಷ್ಟ. ಅದಕ್ಕೆ ಕಾನೂನೂ ಕಾರಣ. 1872ರ ಕರಾರು ಕಾಯ್ದೆಯಂತೆ ಹದಿನೆಂಟು ತುಂಬದವರು ಕರಾರು ಮಾಡುವಂತಿಲ್ಲ. ಅವರಿಗೆ ಕೊಟ್ಟ ಸಾಲ ಲೆಕ್ಕಕ್ಕೇ ಇಲ್ಲ ಅಂತ 1903ರಲ್ಲಿ ಪ್ರೀವಿ ಕೌನ್ಸಿಲ್ ಕೂಡ ತೀರ್ಪು ಕೊಟ್ಟಿತು. ಹದಿನೆಂಟು ದಾಟಿದವನಿಗೆ ಖಾತೆ ತೆರೆಯಲಿಕ್ಕೂ ಆಗ ಹಳೆ ಗ್ರಾಹಕರೊಬ್ಬರ ಪರಿಚಯದ ಸಹಿ ಬೇಕಿತ್ತು. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ... ನೀ ಯಾರ ಮಗ?

ಈ ಪ್ರಶ್ನೆ ಕೇಳದೆ ಬಡ್ಡಿಯಿಲ್ಲದ ಸಾಲ ಕೊಟ್ಟದ್ದು ಸರ್ಕಾರ. 1963ರಲ್ಲಿ ಬಂದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನದಲ್ಲಿ ಅಂಕ ಮತ್ತು ಬಡತನ ಎರಡೇ ಅರ್ಹತೆ. ಓದಿ ಮೇಷ್ಟ್ರಾದರೆ ಸೇವೆಯ ವರ್ಷಕ್ಕೆ ಹತ್ತನೇ ಒಂದು ಪಾಲು ಮನ್ನಾ! ಆ ಯೋಜನೆ ಈಗಿಲ್ಲ. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಬಂತು, ನಾಲ್ಕು ಲಕ್ಷದವರೆಗೆ ಆಸ್ತಿ ಅಡವಿಲ್ಲ. 2009-10ರಿಂದ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದವರ ಮಕ್ಕಳು ವೃತ್ತಿಪರ, ತಾಂತ್ರಿಕ ಕೋರ್ಸು ಓದುವಾಗಿನ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ ಬಂತು. ಅಲ್ಪಸಂಖ್ಯಾತರಿಗೆ ರಾಜ್ಯದ ‘ಅರಿವು’ ಸಾಲ, ಬಡ್ಡಿಯ ಜಾಗದಲ್ಲಿ ಶೇ. 2 ಸೇವಾಶುಲ್ಕ.

ಈಗಿನ ಮಕ್ಕಳಿಗೂ ಎರಡು ಮೂರು ಖಾತೆ ಇರುತ್ತವೆ: ಶಾಲೆಯಲ್ಲಿ ತೆರೆದದ್ದೊಂದು, ಕಾಲೇಜಿನ ಹತ್ತಿರ ಇನ್ನೊಂದು, ಪೋಸ್ಟಿನ ಬ್ಯಾಂಕಿನದ್ದು ಮತ್ತೊಂದು. ಸ್ಕಾಲರ್‌ಶಿಪ್ ಮಾತ್ರ ಕೊನೆಗೆ ಆಧಾರ್ ಜೋಡಿಸಿದ ಖಾತೆಗೇ ಬೀಳುತ್ತದೆ. ‘ದುಡ್ಡು ಬಂದಿಲ್ಲ’ ಅಂತ ಅಳುವ ಮಕ್ಕಳ ದುಡ್ಡು ಎಷ್ಟೋ ಸಲ ಅವರೇ ಮರೆತ ಖಾತೆಯಲ್ಲಿ ಕೂತಿರುತ್ತದೆ. ನಿಮ್ಮನೆಯಲ್ಲಿ ಓದುವವರಿದ್ದರೆ ಒಮ್ಮೆ ನೋಡಿಸಿ.

ಮನುಷ್ಯರು ಮನುಷ್ಯರನ್ನು ನಂಬಿ ಅನ್ನ ಕೊಟ್ಟ ಕಾಲ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಡ್ಡಿಯಿಲ್ಲದ ಆ ಸಾಲಕ್ಕೆ ಹುಟ್ಟಿದ ಮನೆಯೇ ಅಡವು, ಮತ್ತು ಹಂಗು ಅನ್ನುವ ಬಡ್ಡಿ ಬೇರೆ. ‘ಆಗ ಬ್ಯಾಂಕೂ ಬೇಡ, ಏನೂ ಬೇಡ, ಎಲ್ಲ ಒಬ್ಬರಿಗೊಬ್ಬರು ಆಗುತ್ತಿದ್ದರು’ ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಇಷ್ಟೇ: ಆ ‘ಎಲ್ಲ’ರಲ್ಲಿ ಯಾರ್‍ಯಾರಿದ್ದರು? ಫಾರಂ ತುಂಬಿಸಿಕೊಂಡು, ಬಡ್ಡಿ ಹಾಕಿಯೇ ಆದರೂ, ಮೊಗೇರರ ಹುಡುಗಿಗೆ ಇಂಜಿನಿಯರಿಂಗ್ ಓದಲು ದುಡ್ಡು ಕೊಡುವ ಕಾಲ ನನಗೆ ಮೇಲು.

ನಿಮ್ಮ ಊರ ಕಡೆ ವಾರಾನ್ನ, ಉದ್ರಿ ಹೇಗಿತ್ತು? ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ, ಓದಲು ಕಾದಿರುತ್ತೇನೆ.