ಚೌಕಾಬಾರಕ್ಕೆ ಮತ್ತೆ ಜನ ಬರುತ್ತಾರೆಯೇ? ‘ಈಗಿನವರಿಗೆ ತಾಳ್ಮೆಯಿಲ್ಲ’ ಎಂಬ ಮಾತು ಎಷ್ಟು ನಿಜ?

ನಾಗರ ಪಂಚಮಿ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಕವಡೆಗಳ ಫೋಟೋ ಹರಿದಾಡಲು ಶುರುವಾಗುತ್ತದೆ. ಕೆಳಗೆ ಒಂದಿಷ್ಟು ಸಾಲು: ಮೊಬೈಲ್ ಬಂದು ಚೌಕಾಬಾರ ಸತ್ತುಹೋಯಿತು, ಈಗಿನ ಮಕ್ಕಳಿಗೆ ತಮ್ಮ ಸರದಿ ಬರುವವರೆಗೆ ಕಾಯುವ ತಾಳ್ಮೆಯೇ ಇಲ್ಲ. ಕೆಲವು ಸಂದೇಶಗಳು ಇನ್ನೂ ಮುಂದೆ ಹೋಗುತ್ತವೆ. ಶಕುನಿ ಆಡಿದ್ದು ಇದೇ ಆಟ, ದಿನಾ ಆಡಿದರೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವುದಿಲ್ಲ, ಮಕ್ಕಳಿಗೆ ಗಣಿತ ತಾನಾಗಿಯೇ ಬರುತ್ತದೆ, ಹೀಗೆ.

ಮೊದಲೇ ಚುಟುಕಾಗಿ ಹೇಳಿಬಿಡುತ್ತೇವೆ. ಸರದಿ ಕಾಯುವ ಆಟಗಳನ್ನು ಜನ ಬಿಟ್ಟಿಲ್ಲ. ಚೌಕಾಬಾರ ಹಿಂದೆ ಸರಿದಿದೆ, ಆದರೆ ಅದಕ್ಕೆ ತಾಳ್ಮೆಯ ಕೊರತೆ ಕಾರಣವಲ್ಲ. ಶಕುನಿಯ ಮಾತಿಗೆ ಆಧಾರ ಸಾಲದು. ಮರೆವು ಮತ್ತು ಗಣಿತದ ಮಾತುಗಳಲ್ಲಿ ಸ್ವಲ್ಪ ನಿಜವಿದೆ, ಉತ್ಪ್ರೇಕ್ಷೆ ಹೆಚ್ಚಿದೆ.

ಆಟದೊಳಗಿನ ಲೆಕ್ಕ

ಗೊತ್ತಿಲ್ಲದವರಿಗಾಗಿ ಆಟದ ಪರಿಚಯ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಬದಿಯಲ್ಲಿ ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆ ಚೂರು, ಕಡ್ಡಿ, ಕಲ್ಲು, ಕಾಳು, ಕೈಗೆ ಸಿಕ್ಕಿದ್ದೇ ಕಾಯಿ. ಕಾಯಿ ಹೊರಗಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿ ಸುತ್ತಿ, ಒಳಗಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ ನಡುಮನೆ ಸೇರಿದರೆ ‘ಹಣ್ಣು’ ಆಗುತ್ತದೆ. ಗುಣಾಕಾರದ ಗುರುತಿರುವ ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಬೇರೆಲ್ಲಿ ಸಿಕ್ಕರೂ ಕಡಿಸಿಕೊಂಡು ಮೊದಲ ಮನೆಗೆ ವಾಪಸ್.

ದಾಳದ ಬದಲು ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಪಿಕ್ಕವನ್ನು ಎರಡು ಹೋಳು ಮಾಡಿಕೊಂಡರೆ ಆಯಿತು. ಎಷ್ಟು ಕವಡೆಯ ಬಾಯಿ ಮೇಲೆ ಬಿದ್ದಿದೆಯೋ ಅಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಒಂದು ಕವಡೆ ಮೇಲೆ ಬೀಳುವುದೂ ಬೋರಲು ಬೀಳುವುದೂ ಸಮಸಮ ಎಂದುಕೊಳ್ಳೋಣ. ಆಗ ನಾಲ್ಕು ಕವಡೆಗಳು ಬೀಳಬಹುದಾದ ಬಗೆ 16. ಅದರಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ, ಚೌಕ ಒಂದೇ ಬಗೆಯಲ್ಲಿ, ಬಾರವೂ ಒಂದೇ. ಅಂದರೆ ಚೌಕವೋ ಬಾರವೋ ಬೀಳುವುದು ಸರಾಸರಿ ಎಂಟು ಸಲಕ್ಕೆ ಒಮ್ಮೆ. ಲೂಡೋ ದಾಳದಲ್ಲಿ ಒಂದರಿಂದ ಆರರವರೆಗೆ ಪ್ರತಿ ಸಂಖ್ಯೆಗೂ ಸಮಾನ ಅವಕಾಶ, ಇಲ್ಲಿ ಹಾಗಲ್ಲ. ಎದುರಾಳಿಯ ಕಾಯಿ ನಿಮಗಿಂತ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು, ನಾಲ್ಕು ಮನೆ ಹಿಂದಿದ್ದರೆ ಅಷ್ಟಿಲ್ಲ. ಬಹಳ ವರ್ಷ ಆಡಿದ ಅಜ್ಜಿಯಂದಿರು ಕಾಯಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತಟ್ಟನೆ ಹೇಳುವುದು ಈ ಅಂದಾಜಿನಿಂದಲೇ. ಅವರು ಅದನ್ನು ಸಂಭವನೀಯತೆ ಎಂದು ಕರೆಯುವುದಿಲ್ಲ, ಅಷ್ಟೇ.

ನಿಜವಾದ ಕವಡೆ ಮಾತ್ರ ಅಷ್ಟು ನಿಷ್ಪಕ್ಷಪಾತಿಯಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಹೀಗಾಗಿ ಒಂದೊಂದು ಕವಡೆ ಒಂದೊಂದು ಕಡೆಗೆ ವಾಲುತ್ತದೆ. ನಿಮ್ಮ ಮನೆಯ ಕವಡೆ ಹೇಗೆಂದು ತಿಳಿಯಲು ಒಂದೇ ಕವಡೆಯನ್ನು ನೂರು ಸಲ ಹಾಕಿ ಬರೆದುಕೊಳ್ಳಿ. ಮಕ್ಕಳ ರಜೆಗೆ ಒಳ್ಳೆಯ ಕೆಲಸ.

ತಾಳ್ಮೆ ಹೋಗಿದೆಯೇ?

ಹೋಗಿದ್ದರೆ ಲೂಡೋ ಕೂಡ ಹೋಗಬೇಕಿತ್ತು. ಲೂಡೋ ಎಂದರೆ ನಮ್ಮ ಪಗಡೆಯ ಮೊಮ್ಮಗನೇ. 25 ಎಂಬ ಅರ್ಥದಿಂದ ಹೆಸರು ಪಡೆದ ಪಚ್ಚೀಸಿ ಆಟ ಇಂಗ್ಲೆಂಡಿಗೆ ಹೋಗಿ, ಕವಡೆಯ ಬದಲು ಘನಾಕಾರದ ದಾಳ ಸೇರಿಸಿಕೊಂಡು, 1896ರಲ್ಲಿ ಅಲ್ಲಿ ಲೂಡೋ ಹೆಸರಿನಲ್ಲಿ ಪೇಟೆಂಟ್ ಆಯಿತು. ಅಮೆರಿಕದಲ್ಲಿ ಅದಕ್ಕೂ ಮೊದಲೇ ಪಾರ್ಚೀಸಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಹಾಗೆ ಹೋದದ್ದು 2016ರಲ್ಲಿ ನವಿ ಮುಂಬೈನ ಒಂದು ಕಂಪನಿ ಮಾಡಿದ ಲೂಡೋ ಕಿಂಗ್ ಆಗಿ ಮೊಬೈಲಿಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಕೋಟಿಗಟ್ಟಲೆ ಜನ ಆಡಿದ್ದು ಎಲ್ಲರಿಗೂ ನೆನಪಿದೆ. ಅಣ್ಣ ಬೆಂಗಳೂರಿನಲ್ಲಿ, ತಂಗಿ ಹಾವೇರಿಯಲ್ಲಿ, ಅಪ್ಪ ಊರಲ್ಲಿ. ಎಲ್ಲರೂ ತಮ್ಮ ಸರದಿಗೆ ಕಾದೇ ಆಡಿದರು.

ಇದೇ ಪ್ರಶ್ನೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಜಪಾನಿನ ವಿಡಿಯೋ ಗೇಮ್‌ಗಳ ವಿಷಯದಲ್ಲಿ. ಅಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎಂಬ ಬಗೆಯೊಂದಿದೆ. ಆಡುವವರು ಒಂದು ದೊಡ್ಡ ಕಥೆಯ ಪಾತ್ರಗಳನ್ನು ನಡೆಸುತ್ತಾರೆ, ಕಾಳಗ ಬಂದಾಗ ಒಮ್ಮೆ ನಾವು, ಒಮ್ಮೆ ಎದುರಾಳಿ, ಥೇಟ್ ಚೌಕಾಬಾರದ ಹಾಗೆ ಸರದಿ. 1997ರ ಫೈನಲ್ ಫ್ಯಾಂಟಸಿ 7 ಈ ಬಗೆಯನ್ನು ಅಮೆರಿಕ, ಯುರೋಪಿನ ಮನೆಮನೆಗೆ ಒಯ್ದಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ಬದಲಾಯಿತು. ಓಡುತ್ತ, ಗುಂಡು ಹಾರಿಸುತ್ತ ಆಡುವ ಪಾಶ್ಚಾತ್ಯ ಆಟಗಳೆದುರು ಸರದಿ ಆಟ ಹಳೆಯ ಕಾಲದ್ದು ಎನಿಸತೊಡಗಿತು. 2009ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ಕೇಜಿ ಇನಾಫುನೆ ಜಪಾನಿನ ಆಟಗಳ ಕಥೆ ಮುಗಿಯಿತು ಎಂಬರ್ಥದ ಮಾತನ್ನೇ ಆಡಿದ್ದರು. ಈಗಿನ ಹುಡುಗರಿಗೆ ಕಾಯಲು ಆಗುವುದಿಲ್ಲ ಎಂಬ ವಿವರಣೆ ಆಗ ಅಲ್ಲಿಯೂ ಇತ್ತು.

ಆದರೆ ಮುಂದೆ ಆದದ್ದು ಬೇರೆ. 2017ರಲ್ಲಿ ಇಂಗ್ಲಿಷಿಗೆ ಬಂದ ಪರ್ಸೋನಾ 5 ಸರದಿಯನ್ನು ಬಿಡದೆಯೇ ಗೆದ್ದಿತು. ಹೊಡೆದಾಟಕ್ಕೆ ಹೆಸರಾಗಿದ್ದ ಯಾಕುಜಾ ಸರಣಿ 2020ರಲ್ಲಿ ಸರದಿಯ ಪದ್ಧತಿಗೇ ಹೊರಳಿತು. 2023ರಲ್ಲಿ ಫೈನಲ್ ಫ್ಯಾಂಟಸಿ 16 ಸರದಿಯನ್ನು ಕೈಬಿಟ್ಟಿತು. ಆದರೆ ಅದೇ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿ ಪಡೆದದ್ದು ಸರದಿಯಲ್ಲೇ ಆಡುವ ಬಾಲ್ಡರ್ಸ್ ಗೇಟ್ 3, ಬೆಲ್ಜಿಯಂ ಕಂಪನಿಯದು. 2025ರಲ್ಲಿ ಅದೇ ಪ್ರಶಸ್ತಿ ಫ್ರಾನ್ಸಿನ ಸಣ್ಣ ತಂಡವೊಂದು ಮಾಡಿದ ಕ್ಲೇರ್ ಆಬ್ಸ್ಕ್ಯೂರ್‌ಗೆ ಬಂತು. ಜಪಾನಿನ ಹಳೆಯ ಆಟಗಳಿಂದ ಕಲಿತು ಮಾಡಿದ್ದೆಂದು ಅವರೇ ಹೇಳುವ ಆಟವದು. ಇನ್ನು ಪೋಕೆಮಾನ್‌ನ ಮುಖ್ಯ ಸರಣಿ 1996ರಿಂದಲೂ ಸರದಿಯಲ್ಲೇ ಇದೆ. ಅದು ಮಂಕಾಗಿದ್ದೇ ಇಲ್ಲ.

ನಮಗೆ ಕಾಣುವುದು ಇಷ್ಟು: ಸರದಿಯನ್ನು ಯಾರೂ ದ್ವೇಷಿಸಿರಲಿಲ್ಲ. ಸರದಿಗಳ ನಡುವಿನ ಸುಮ್ಮನೆ ಕಾಯುವಿಕೆಯನ್ನು ಹೊಸಬರು ಕಡಿಮೆ ಮಾಡಿದರು, ಆಟವನ್ನು ಜನರ ಭಾಷೆಗೆ ಬೇಗ ತಂದರು, ಜನರ ಕೈಯಲ್ಲಿದ್ದ ಯಂತ್ರಕ್ಕೆ ಒಗ್ಗಿಸಿದರು. ಜನ ಬಂದರು.

ಹಾಗಾದರೆ ಹೋದದ್ದೇನು?

ಮಾಸೂರು, ಹಿರೇಕೆರೂರು, ಹಾನಗಲ್, ಶಿಗ್ಗಾವಿ, ಸವಣೂರು ಕಡೆ ಪಂಚಮಿ ಎಂದರೆ ಆಟದ ಹಬ್ಬ. ಗಿಡಕ್ಕೆ ಜೋಕಾಲಿ, ಓಣಿಯಲ್ಲಿ ನಿಂಬೆಹಣ್ಣು ಎಸೆಯುವ ಪಂಥ. ಶ್ರಾವಣದ ಮಳೆ ಹಿಡಿದರೆ ಪಡಸಾಲೆಯಲ್ಲಿ ಕವಡೆ. ಗಂಡನ ಮನೆಯಿಂದ ತವರಿಗೆ ಬಂದ ಹೆಣ್ಣುಮಕ್ಕಳು ಒಂದೆಡೆ ಕೂರುವುದಕ್ಕೆ ಈ ಆಟ ಒಂದು ನೆಪವೂ ಆಗಿತ್ತು. ಅಂದರೆ ಚೌಕಾಬಾರಕ್ಕೆ ಬೇಕಿದ್ದುದು ಮೂರು: ಗೆರೆ ಎಳೆಯಲು ನೆಲ, ಮಧ್ಯಾಹ್ನದ ಬಿಡುವು, ಅದೇ ಹೊತ್ತಿಗೆ ಬಿಡುವಾಗಿರುವ ಇನ್ನೂ ಮೂವರು.

ಮೂರನೆಯದೇ ಕಷ್ಟ. ಮನೆಗಳು ಚಿಕ್ಕವಾದವು, ಓದು ಮತ್ತು ಕೆಲಸ ಹುಡುಕಿ ಮಕ್ಕಳು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಸೇರಿದರು. ಕಟ್ಟೆಯ ಮೇಲೆ ಕೂತು ಹರಟುವ ಹೊತ್ತನ್ನು ಮೊದಲು ತೆಗೆದುಕೊಂಡದ್ದು ಮೊಬೈಲ್ ಅಲ್ಲ, ಟಿವಿ. ನೆಲದ ಮಾತು ಮಾತ್ರ ತಮಾಷೆಯದು. ಟೈಲ್ಸ್ ಬಂದು ಮನೆಯ ನೆಲಕ್ಕೆ ಗೆರೆ ಎಳೆಯುವಂತಿಲ್ಲ ಎಂದು ಕೊರಗುವವರಿದ್ದಾರೆ. ಚಿಕ್ಕ ಟೈಲ್ಸ್ ಹಾಕಿದ ನೆಲದಲ್ಲಿ ಐದೈದರ ಮನೆ ತಯಾರಾಗಿಯೇ ಬಿದ್ದಿರುತ್ತದೆ!

ಲೂಡೋ ಮೊಬೈಲಿಗೆ ಹೋಗಿ ಈ ಮೂರನೇ ಕೊರತೆಯನ್ನು ತುಂಬಿತು, ಚೌಕಾಬಾರ ತುಂಬಲಿಲ್ಲ. ಚೌಕಾಬಾರದ ಆಪ್‌ಗಳೂ ಇವೆ, ಆದರೆ ಹತ್ತು ಜನರಿಗೆ ಗೊತ್ತಿರುವ ಆಟಕ್ಕೇ ಹನ್ನೊಂದನೆಯವರು ಬರುವುದು. ಹಾಗಾಗಿ ಫೋನಿನಲ್ಲಿ ಲೂಡೋವನ್ನು ಅದು ಹಿಂದೆ ಹಾಕುವುದು ಕಷ್ಟ ಎಂದೇ ನಮ್ಮ ಅನಿಸಿಕೆ. ಜನ ಹೇಗೂ ಒಟ್ಟಿಗೆ ಸೇರುವ ಕಡೆ, ಅಂದರೆ ಹಬ್ಬ, ಮದುವೆ ಮನೆ, ಶಾಲೆಯ ಸಂಭ್ರಮ ಶನಿವಾರದಂಥ ಜಾಗಗಳಲ್ಲಿ ಅದು ಸುಲಭವಾಗಿ ಮರಳಬಲ್ಲದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಇಂಥ ಆಟಗಳ ಹಾಸು, ಕಾಯಿಗಳನ್ನು ಹೊಸದಾಗಿ ಮಾಡಿಸಿ ಮಾರುತ್ತ ಬಂದಿದೆ. ಅದೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಹೊಸ ಹಾಸಿನ ಆಟಗಳನ್ನೇ ರಚಿಸಿದ್ದರು. ಆಟವನ್ನು ಕಾಲಕ್ಕೆ ತಕ್ಕಂತೆ ತಿದ್ದುವುದು ಇಲ್ಲಿ ಹೊಸದೇನಲ್ಲ.

ಶಕುನಿಯ ದಾಳ

ಮಹಾಭಾರತದ ಜೂಜು ಚೌಕಾಬಾರವಾಗಲಿ ಪಗಡೆಯಾಗಲಿ ಎನ್ನಲು ಮೂಲ ಸಂಸ್ಕೃತ ಕಥೆಯಲ್ಲಿ ಆಧಾರ ಸಿಗುವುದಿಲ್ಲ. ಅಲ್ಲಿರುವುದು ‘ಅಕ್ಷ’. ವೇದಕಾಲದ ಅಕ್ಷ ಎಂದರೆ ತಾರೆಮರದ ಕಾಯಿ. ತ್ರಿಫಲಾ ಚೂರ್ಣಕ್ಕೆ ಹಾಕುವ ಅದೇ ತಾರೆಕಾಯಿ. ರಾಶಿಯಿಂದ ಕಾಯಿಗಳನ್ನು ತೆಗೆದು ನಾಲ್ಕರಿಂದ ಭಾಗಿಸಿ ಲೆಕ್ಕ ಹಾಕುವ ಆಟ ಅದಾಗಿತ್ತೆಂದು ಹಲವು ವಿದ್ವಾಂಸರ ಊಹೆ. ಮನೆ ಗೆರೆದು ಕಾಯಿ ನಡೆಸುವ ಪಗಡೆಯ ಚಿತ್ರ ಆ ಪ್ರಸಂಗಕ್ಕೆ ಆಮೇಲೆ ಸೇರಿಕೊಂಡದ್ದು. ಟಿವಿ ಧಾರಾವಾಹಿಗಳು ಅದನ್ನು ಗಟ್ಟಿ ಮಾಡಿದವು.

ಮರೆವು, ಗಣಿತ

ಮರೆವಿನ ಕಾಯಿಲೆಯ ಸಂದೇಶದ ಹಿಂದೆ ಒಂದು ನಿಜವಾದ ಅಧ್ಯಯನ ಇರಬಹುದು. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ 3,675 ಹಿರಿಯರನ್ನು 20 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿ ಅದು. ಹಾಸಿನ ಆಟ, ಇಸ್ಪೀಟು ಮುಂತಾದವನ್ನು ಆಡುವವರಲ್ಲಿ ಡಿಮೆನ್ಷಿಯಾ ಬರುವ ಸಾಧ್ಯತೆ 15% ಕಡಿಮೆ ಕಂಡಿತ್ತು. ಹಂಚಿಕೊಳ್ಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅಧ್ಯಯನ ಶುರುವಾದಾಗಲೇ ಯಾರ ಬುದ್ಧಿ ಚುರುಕಾಗಿತ್ತು, ಯಾರಿಗೆ ಖಿನ್ನತೆಯಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಯಿತು. ಆಟ ಆಡಿದ್ದರಿಂದ ಬುದ್ಧಿ ಉಳಿಯಿತೋ, ಬುದ್ಧಿ ಚುರುಕಾಗಿದ್ದವರೇ ಆಟಕ್ಕೆ ಕೂತರೋ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಮನೆಯ ಹಿರಿಯರಿಗೆ ದಾರಿ ತಪ್ಪುತ್ತಿದ್ದರೆ, ಈಗಷ್ಟೇ ಊಟ ಮಾಡಿದ್ದು ಮರೆಯುತ್ತಿದ್ದರೆ ಕವಡೆ ಕೊಟ್ಟು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ತಡ ಮಾಡಿದಷ್ಟೂ ನಷ್ಟ.

ಗಣಿತದ ಮಾತು ಸ್ವಲ್ಪ ಗಟ್ಟಿ. ಅಮೆರಿಕದ ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು 2008ರಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ನೇರ ಸಾಲಿನ ಆಟವನ್ನು ಒಟ್ಟು ಒಂದು ಗಂಟೆಯಷ್ಟು ಆಡಿಸಿದರು. ಸಂಖ್ಯೆಗಳ ತಿಳಿವಳಿಕೆ ಹೆಚ್ಚಿತು, ವಾರಗಳ ನಂತರವೂ ಉಳಿಯಿತು. ಆದರೆ ಮನೆಗಳಲ್ಲಿ ಅಂಕಿಯ ಬದಲು ಬರೀ ಬಣ್ಣವಿದ್ದ ಆಟ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಚೌಕಾಬಾರದ ಮನೆಗಳಲ್ಲಿ ಅಂಕಿ ಇರುವುದಿಲ್ಲ. ಪುಟ್ಟ ಮಕ್ಕಳ ಜೊತೆ ಆಡುವವರು ಕಾಯಿ ನಡೆಸುವಾಗ ಮನೆಮನೆಯನ್ನೂ ಜೋರಾಗಿ ಎಣಿಸಿದರೆ ಒಳ್ಳೆಯದು ಎಂದಷ್ಟೇ ನಾವು ಹೇಳಬಲ್ಲೆವು.

ಹಣ ಕಟ್ಟಿ ಆಡುವ ಲಿಂಕ್ ಬಂದರೆ

ಹಳೆಯ ಆಟದ ನೆನಪು ಕೆದಕುವ ಸಂದೇಶದ ಕೊನೆಗೆ ‘ಲೂಡೋ ಆಡಿ ಹಣ ಗೆಲ್ಲಿ’ ಎಂಬ ಲಿಂಕ್ ಅಂಟಿಕೊಂಡಿದ್ದರೆ ಅದನ್ನು ಮುಂದೆ ಕಳಿಸಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬ ಸಮಜಾಯಿಷಿಗೂ ಅದರಲ್ಲಿ ಜಾಗವಿಲ್ಲ. ಪಣವಿಲ್ಲದೆ ಆಡುವ ಲೂಡೋಗೆ ಇದು ಅನ್ವಯಿಸುವುದಿಲ್ಲ.

ಕಳಿಸುವುದಾದರೆ ಕವಡೆಯ ಫೋಟೋಗಿಂತ ನಿಮ್ಮ ಊರಿನ ನಿಯಮ ಕಳಿಸಿ. ಚೌಕಾಬಾರಕ್ಕೆ ಮುದ್ರಿತ ನಿಯಮಪುಸ್ತಕ ಇರಲಿಲ್ಲ, ಹೀಗಾಗಿ ಊರಿಗೊಂದು, ಕೆಲವೊಮ್ಮೆ ಓಣಿಗೊಂದು ಪದ್ಧತಿ ಬೆಳೆಯಿತು. ಆಪ್‌ಗಳು ಅವುಗಳಲ್ಲಿ ಯಾವುದೋ ಒಂದನ್ನು ಹಿಡಿದುಕೊಂಡಿವೆ, ಉಳಿದವು ಅಜ್ಜಿಯಂದಿರ ನೆನಪಿನಲ್ಲಷ್ಟೇ ಇವೆ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಕೇಳಿ: ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೇ? ಕಡಿದವರಿಗೆ ಇನ್ನೊಂದು ಆಟ ಸಿಗುತ್ತದೆಯೇ? ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಒಂಟಿ ಕಾಯಿ ಅದನ್ನು ದಾಟಬಹುದೇ? ಸಾಲಾಗಿ ಮೂರು ಸಲ ಚೌಕ ಬಿದ್ದರೆ ಲೆಕ್ಕವೇ, ಸುಟ್ಟುಹೋಗುತ್ತದೆಯೇ? ಹಣ್ಣಾಗಲು ಸರಿಯಾಗಿ ಅಷ್ಟೇ ಬೀಳಬೇಕೇ? ಆಟದ ಹೆಸರನ್ನೂ ಕೇಳಿ. ಕೆಲವರು ಇದನ್ನು ಕಟ್ಟೆಮನೆ ಎನ್ನುತ್ತಾರೆ. ನಿಮ್ಮಲ್ಲಿ ಇನ್ನೇನೋ ಇರಬಹುದು.